ಮುಪ್ಪಿನ ಬಲಕ್ಷಯ: ಪೂರಕ ಪುಡಿಗಳು ಎಷ್ಟರ ಮಟ್ಟಿಗೆ ಪೂರಕ?

ಬೆಂಗಳೂರಿನಲ್ಲಿಯೋ ದಾವಣಗೆರೆಯಲ್ಲಿಯೋ ನೌಕರಿಯಲ್ಲಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ತಂದೆತಾಯಿಗಳಿಗೆಂದು ತರುವ ವಸ್ತುಗಳಲ್ಲಿ ಈಗ ಪ್ರೋಟೀನ್ ಪುಡಿಯ ಡಬ್ಬಿಯೂ ಸೇರಿದೆ. ಚಿತ್ರದುರ್ಗದ ಮನೆಗಳಲ್ಲಿ ಮಾತ್ರವಲ್ಲ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಯ ಹಳ್ಳಿಗಳಲ್ಲಿಯೂ ಅದನ್ನು ಕಾಣಬಹುದು. ಮಕ್ಕಳ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಆ ಪುಡಿಯಿಂದ ಮುಪ್ಪಿನ ನಿತ್ರಾಣ ದೂರವಾಗುವುದೇ ಎಂಬ ಪ್ರಶ್ನೆಗೆ ಉತ್ತರವು ಡಬ್ಬಿಯ ಮೇಲಿನ ಚಿತ್ರದಷ್ಟು ಸರಳವಾಗಿಲ್ಲ.

ವಯಸ್ಸಾದವರೆಲ್ಲರೂ ಬಲಹೀನರಲ್ಲ. ಆಧುನಿಕ ವೈದ್ಯರು ‘ಫ್ರೇಲ್ಟಿ’ ಎಂದು ಕರೆಯುವ ಬಲಕ್ಷಯವನ್ನು ಗುರುತಿಸಲು ಅಮೆರಿಕದ ಲಿಂಡಾ ಫ್ರೀಡ್ ಮತ್ತು ಅವರ ಸಂಗಡಿಗರು 2001ರಲ್ಲಿ ಐದು ಲಕ್ಷಣಗಳನ್ನು ಹೇಳಿದರು: ಪ್ರಯತ್ನವಿಲ್ಲದೆ ತೂಕ ಇಳಿಯುವುದು, ಸದಾ ಆಯಾಸ, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕುಗ್ಗುವುದು. ಇವುಗಳಲ್ಲಿ ಮೂರು ಕಂಡರೆ ಬಲಕ್ಷಯ. ಒಂದೆರಡು ಕಂಡರೆ ಅದರ ಮುನ್ಸೂಚನೆ. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೂ ಇದೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರಬೇಕು. ಅದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಕಾಲಿನ ಮಾಂಸಖಂಡಗಳು ಸೋತಿರಬಹುದೆಂದು ಏಷ್ಯಾದ ತಜ್ಞರು 2019ರಲ್ಲಿ ನಿಗದಿಪಡಿಸಿದ್ದಾರೆ. ಮೀನಖಂಡದ ಸುತ್ತಳತೆ ಪುರುಷರಲ್ಲಿ 34, ಸ್ತ್ರೀಯರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆಯಿದ್ದರೂ ಎಚ್ಚರ ವಹಿಸಬೇಕು. ಪೂಜೆಗೆ ನೆಲದ ಮೇಲೆ ಕುಳಿತವರು ಏಳುವಾಗ ಗೋಡೆಯನ್ನೋ ಮೊಮ್ಮಗನ ಭುಜವನ್ನೋ ಹುಡುಕತೊಡಗಿದರೆ ಅಳತೆಪಟ್ಟಿಯ ಅಗತ್ಯವೂ ಇಲ್ಲ.

ಪುಡಿಯ ವಿಷಯಕ್ಕೆ ಬರೋಣ. 1994ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರ 100 ಮಂದಿಯ ಮೇಲೆ ನಡೆದ ಅಧ್ಯಯನವನ್ನು ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 87. ಕೆಲವರಿಗೆ ಹತ್ತು ವಾರ ಭಾರ ಎತ್ತುವ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪೇಯ, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಎರಡೂ ಇಲ್ಲ. ವ್ಯಾಯಾಮ ಮಾಡಿದವರ ಕಾಲಿನ ಬಲ ಇಮ್ಮಡಿಗೂ ಮಿಗಿಲಾಯಿತು, ನಡಿಗೆ ಚುರುಕಾಯಿತು. ಪೇಯವನ್ನಷ್ಟೇ ಕುಡಿದವರಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ಮೂವತ್ತು ವರ್ಷಗಳು ಕಳೆದರೂ ಈ ಮಾತು ನಮ್ಮ ಹಳ್ಳಿಗಳಿಗೆ ತಲುಪಿಲ್ಲ, ಡಬ್ಬಿ ತಲುಪಿದೆ!

ಹೊಲದಲ್ಲಿ ದುಡಿದ ದೇಹಕ್ಕೆ ವ್ಯಾಯಾಮವೇಕೆ ಎಂದು ಹಿರಿಯರು ಕೇಳುವುದುಂಟು. ದುಡಿಯುತ್ತಿದ್ದಷ್ಟು ದಿನ ಬೇಕಿರಲಿಲ್ಲ. ಆದರೆ ಬೇಸಾಯವನ್ನು ಮಗನಿಗೆ ವಹಿಸಿ ಜಗುಲಿಯ ಮೇಲೆ ಕುಳಿತ ದಿನದಿಂದ ತೊಡೆಯ ಮಾಂಸ ಕರಗತೊಡಗುತ್ತದೆ. ಬೆಳಗಿನ ನಡಿಗೆ ಒಳ್ಳೆಯದೇ, ಆದರೆ ಅದೊಂದೇ ಸಾಲದು. ಗಟ್ಟಿಯಾದ ಕುರ್ಚಿಯಿಂದ ಎಂಟು ಹತ್ತು ಬಾರಿ ಏಳುವುದು, ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದು, ನೀರು ತುಂಬಿದ ಚೊಂಬನ್ನು ಭುಜದ ಮಟ್ಟಕ್ಕೆ ಎತ್ತುವುದು. ಇವನ್ನು ವಾರಕ್ಕೆ ಮೂರು ದಿನ ಮಾಡಿದರೂ ಸಾಕು. ಎಷ್ಟು ಮಾಡಬೇಕೆಂಬುದಕ್ಕೆ ಸುಶ್ರುತನ ಅಳತೆ ಇಂದಿಗೂ ಸಲ್ಲುತ್ತದೆ: ಶಕ್ತಿಯ ಅರ್ಧದಷ್ಟು ಮಾತ್ರ. ಮೂಗಿನ ಉಸಿರು ಸಾಲದೆ ಬಾಯಿ ತೆರೆಯಬೇಕಾಗಿ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಹೃದ್ರೋಗವಿರುವವರು ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು.

ವ್ಯಾಯಾಮ ಮಾಡಿದ ಮಾಂಸಖಂಡಕ್ಕೆ ಪ್ರೋಟೀನ್ ಬೇಕು, ಅದರಲ್ಲಿ ವಿವಾದವಿಲ್ಲ. ಹಿರಿಯರಿಗೆ ದೇಹತೂಕದ ಕಿಲೋವೊಂದಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂಬುದು ತಜ್ಞರ ಅಭಿಪ್ರಾಯ. ಐವತ್ತು ಕಿಲೋ ತೂಗುವ ಅಜ್ಜಿಗೆ 50ರಿಂದ 60 ಗ್ರಾಂ. ಎರಡು ಲೋಟ ಹಾಲು ಮೊಸರಿನಿಂದ 13 ಗ್ರಾಂ, ಒಂದು ಹಿಡಿ ಶೇಂಗಾದಿಂದ 7, ಎರಡು ಹಿಡಿ ತೊಗರಿ, ಹುರುಳಿ ಅಥವಾ ಅವರೆಯಿಂದ 13, ಮುದ್ದೆ, ರೊಟ್ಟಿ, ಅನ್ನಗಳ 250 ಗ್ರಾಂ ಧಾನ್ಯದಿಂದ ಸುಮಾರು 20. ಲೆಕ್ಕ ಐವತ್ತನ್ನು ದಾಟಿತು. ಇವೆಲ್ಲವೂ ನಮ್ಮ ಜಿಲ್ಲೆಯ ಹೊಲ ಕೊಟ್ಟಿಗೆಗಳಲ್ಲಿಯೇ ದೊರೆಯುವಂಥವು.

ಆದರೆ ಹಿರಿಯರ ತಟ್ಟೆಯಲ್ಲಿ ನಾನು ಕಾಣುವುದೇ ಬೇರೆ. ಹಲ್ಲು ಹೋಯಿತೆಂದು ಮುದ್ದೆಯ ಜೊತೆ ತಿಳಿಸಾರು, ರಾತ್ರಿ ಚಹಾದಲ್ಲಿ ಅದ್ದಿದ ಬನ್ನು, ಗ್ಯಾಸ್ ಎಂದು ಬೇಳೆಗೆ ವಿದಾಯ. ಇಂಥವರಿಗೆ ಹುರಿದ ಶೇಂಗಾದ ಪುಡಿ, ಹುರಿಗಡಲೆ ಹಿಟ್ಟನ್ನು ಕಲಸಿದ ಹಾಲು, ಚೆನ್ನಾಗಿ ಬೇಯಿಸಿ ಮಸೆದ ಹುರುಳಿಕಟ್ಟು ಸುಲಭವಾಗಿ ಒಗ್ಗುತ್ತವೆ. ಜೀರಿಗೆ, ಇಂಗು, ಶುಂಠಿ ಸೇರಿದರೆ ಅಗ್ನಿಯೂ ಸಹಕರಿಸುತ್ತದೆ. ಸೋಮವಾರದ ಒಪ್ಪತ್ತನ್ನು ದಶಕಗಳಿಂದ ನಡೆಸಿಬಂದ ತಾಯಂದಿರು ತೂಕ ಇಳಿಯುತ್ತಿರುವಾಗಲೂ ಬಿಡುವುದಿಲ್ಲ. ಅವರು ಆ ದಿನವೂ ಹಾಲು, ಶೇಂಗಾ ಸೇವಿಸಿದರೆ ವ್ರತಕ್ಕೆ ಭಂಗವಿಲ್ಲವೆಂದು ನಾನು ಹೇಳುತ್ತೇನೆ; ಸ್ವಾಮಿಗಳೂ ಹೇಳಿದರೆ ಬೇಗ ಒಪ್ಪುತ್ತಾರೆ. ಮೂತ್ರಪಿಂಡದ ಕಾಯಿಲೆಯಿರುವವರಿಗೆ ಮಾತ್ರ ಈ ಲೆಕ್ಕ ಅನ್ವಯಿಸದು.

ಹಾಗಾದರೆ ಪೂರಕಗಳೇ ಬೇಡವೇ? ಬೇಕು, ಕೊರತೆಯಿರುವಲ್ಲಿ. ಶಸ್ತ್ರಚಿಕಿತ್ಸೆಯ ಬಳಿಕವೋ ದೀರ್ಘ ಜ್ವರದ ಬಳಿಕವೋ ಊಟ ಸೇರದವರಿಗೆ ಕೆಲವು ವಾರ ಪುಡಿ ನೆರವಾಗುತ್ತದೆ. ಅದರಲ್ಲಿ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಎಂದು ಓದಿ ಕೊಳ್ಳಬೇಕು. ಸಸ್ಯಾಹಾರಿಗಳಾದ ನಮ್ಮಲ್ಲಿ ನಿಜವಾಗಿ ಕಾಡುವುದು ಬಿ12 ಜೀವಸತ್ವದ ಕೊರತೆ. ಹಾಲು ಮೊಸರನ್ನು ಬಿಟ್ಟರೆ ನಮಗೆ ಅದರ ಮೂಲವಿಲ್ಲ. ಮಧುಮೇಹಕ್ಕೆ ಮೆಟ್‌ಫಾರ್ಮಿನ್, ಆಮ್ಲಕ್ಕೆ ಪ್ಯಾಂಟೊಪ್ರಜೋಲ್ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಲ್ಲಿ ಅದು ಇನ್ನೂ ಕುಸಿಯುತ್ತದೆ. ಪಾದ ಜೋಮು ಹಿಡಿಯುವುದು, ಕತ್ತಲಲ್ಲಿ ಹೆಜ್ಜೆ ತಪ್ಪುವುದು, ಮರೆವು ಇವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಆಯುರ್ವೇದದ ವೈದ್ಯನಾಗಿಯೇ ಹೇಳುತ್ತೇನೆ: ಈ ಕೊರತೆಗೆ ಯಾವ ಲೇಹ್ಯವೂ ಸಾಟಿಯಲ್ಲ. ರಕ್ತಪರೀಕ್ಷೆ ಮಾಡಿಸಿ ಮಾತ್ರೆಯನ್ನೋ ಚುಚ್ಚುಮದ್ದನ್ನೋ ಪಡೆಯಬೇಕು.

ಡಿ ಜೀವಸತ್ವದ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಅತಿರೇಕವಿದೆ. ಕೊರತೆಯಿದ್ದವರಿಗೆ ಅದು ಅಗತ್ಯ. ಆದರೆ ವಾರಕ್ಕೊಂದರಂತೆ ಕೆಲವು ವಾರಗಳಿಗೆ ಬರೆದುಕೊಟ್ಟ ದೊಡ್ಡ ಮಾತ್ರೆಯನ್ನು ವರ್ಷಾನುಗಟ್ಟಲೆ ನುಂಗುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಕೊಟ್ಟು ನೋಡಿದಾಗ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾದವೆಂದು 2010ರಲ್ಲಿ ವರದಿಯಾಯಿತು.

ನಮ್ಮ ಜಿಲ್ಲೆಗೆ ಇನ್ನೊಂದು ಮಾತು ಸೇರಿಸಬೇಕು. ಇಲ್ಲಿಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಕುತ್ತಿಗೆ ತಿರುಗದೆ, ಸೊಂಟ ಬಾಗದೆ ಬರುವ ಹಿರಿಯರಲ್ಲಿ ಕೆಲವರದು ಬರಿಯ ಮುಪ್ಪಲ್ಲ, ಫ್ಲೋರೋಸಿಸ್. ಅವರಿಗೆ ಮೊದಲು ಬೇಕಾದುದು ಶುದ್ಧ ನೀರು. ಅಂಗಡಿಯಿಂದ ತಂದ ಮೂಳೆಯ ಪುಡಿಯಲ್ಲ.

ಚ್ಯವನಪ್ರಾಶ, ಅಶ್ವಗಂಧಗಳನ್ನು ನಾನೂ ಬರೆದುಕೊಡುತ್ತೇನೆ. ಆದರೆ ಚ್ಯವನಪ್ರಾಶದಲ್ಲಿ ಸಕ್ಕರೆ ಹೇರಳವಾಗಿರುವುದರಿಂದ ಮಧುಮೇಹಿಗಳು ಕೇಳದೆ ತಿನ್ನಬಾರದು. ಅಶ್ವಗಂಧದಿಂದ ಅಪರೂಪಕ್ಕೆ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ. ಥೈರಾಯ್ಡ್ ಮಾತ್ರೆ, ನಿದ್ರೆಯ ಮಾತ್ರೆಗಳೊಡನೆ ಅದನ್ನು ತಾವಾಗಿಯೇ ಸೇರಿಸಿಕೊಳ್ಳಕೂಡದು. ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆ, ಪುಡಿ, ಲೇಹ್ಯಗಳೆಲ್ಲವನ್ನೂ ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ, ಅವರ ಮೇಜಿನ ಮೇಲೆ ಸುರಿಯಿರಿ. ಯಾವುದು ಉಳಿಯಬೇಕು, ಯಾವುದು ಬೇಡ ಎಂಬುದನ್ನು ಅಲ್ಲಿಯೇ ಕೇಳಿ ಬರೆಸಿಕೊಳ್ಳಿ.