ಬರಿದಾದ ಸಿಂಹಾಸನದ ಮುಂದೆ: ಅಟುವಾನ್‌ನ ಧರ್ಮ ಮತ್ತು ಕ್ರೈಸ್ತ ವಿವೇಚನೆ

ಒಂದು ಧರ್ಮವು ಕ್ಷೀಣಿಸಿತೆಂದು ನಾವು ಹೇಳುವುದು ಯಾವಾಗ? ಅದರ ಮಂದಿರಗಳು ಪಾಳುಬಿದ್ದಾಗಲೋ, ಅದರ ಪ್ರಾರ್ಥನೆಗಳ ಅರ್ಥವು ಮರೆತುಹೋದಾಗಲೋ, ಅದರ ಯಾಜಕರಲ್ಲಿಯೇ ನಂಬಿಕೆ ಬತ್ತಿಹೋದಾಗಲೋ? ಹೀಗೆ ಕ್ಷೀಣಿಸಿದ ಮಾತ್ರಕ್ಕೆ ಅದು ಆರಾಧಿಸುತ್ತಿದ್ದ ಶಕ್ತಿಯು ಇಲ್ಲವೆಂದು ಸಿದ್ಧವಾಗುವುದೇ? ದೇವತಾಶಾಸ್ತ್ರದ ವಿದ್ಯಾರ್ಥಿಗೆ ಈ ಪ್ರಶ್ನೆಗಳು ಹೊಸವಲ್ಲ. ಇವುಗಳನ್ನು ಒಂದು ಕಲ್ಪಿತ ಲೋಕದಲ್ಲಿಟ್ಟು ಸ್ಪಷ್ಟವಾಗಿ ತೋರಿಸಿದ ಕೃತಿಯೊಂದಿದೆ. ಅದು ಅಮೆರಿಕದ ಲೇಖಕಿ ಅರ್ಸುಲಾ ಕೆ. ಲೆ ಗ್ವಿನ್ (1929–2018) ಅವರು 1971ರಲ್ಲಿ ಪ್ರಕಟಿಸಿದ ‘ದಿ ಟೂಂಬ್ಸ್ ಆಫ್ ಅಟುವಾನ್’ ಎಂಬ ಕಾದಂಬರಿ. ‘ಅರ್ತ್‌ಸೀ’ ಎಂಬ ದ್ವೀಪಲೋಕದ ಕಥಾಮಾಲೆಯಲ್ಲಿ ಎರಡನೆಯದು. ಲೇಖಕಿಯು ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಅವರ ಮಗಳು; ಚೀನಾದ ತಾವೋ ಚಿಂತನೆಗೆ ಒಲಿದವರು, ಕ್ರೈಸ್ತ ಲೇಖಕಿಯಲ್ಲ. ಆದುದರಿಂದ ಈ ಕೃತಿಯಲ್ಲಿ ಕ್ರೈಸ್ತ ಸಂಕೇತಾರ್ಥವನ್ನು ಹುಡುಕುವುದು ನಮ್ಮ ಉದ್ದೇಶವಲ್ಲ. ಅದರಲ್ಲಿ ಚಿತ್ರಿತವಾದ ಧರ್ಮವನ್ನು ಮೊದಲು ಅದರ ನೆಲೆಯಲ್ಲಿಯೇ ತಿಳಿದುಕೊಂಡು, ಅನಂತರ ಅದು ನಮಗೆ ಕೇಳುವ ಪ್ರಶ್ನೆಯನ್ನು ಎದುರಿಸುವುದೇ ಈ ಲೇಖನದ ಪ್ರಯತ್ನ.

ಹೆಸರಿಲ್ಲದವರ ಧರ್ಮ

ಕಾರ್ಗಾಡ್ ಎಂಬ ನಾಲ್ಕು ದ್ವೀಪಗಳ ರಾಜ್ಯದಲ್ಲಿ ಅಟುವಾನ್ ಒಂದು. ಅದರ ಮರುಭೂಮಿಯ ನಡುವೆ ಒಂದು ಪವಿತ್ರಸ್ಥಳವಿದೆ. ಅಲ್ಲಿ ಮೂರು ಪೂಜಾಸ್ಥಾನಗಳಿವೆ. ಹೊಸದೂ ವೈಭವಯುತವೂ ಆದುದು ಆಳುವ ದೇವರಾಜನ ಮಂದಿರ. ಅದಕ್ಕಿಂತ ಹಳೆಯದು ದೇವಸಹೋದರರ ಮಂದಿರ. ಎಲ್ಲಕ್ಕಿಂತ ಹಳೆಯದು ಸಿಂಹಾಸನದ ಮಹಾಮಂದಿರ. ಆ ಸಿಂಹಾಸನದ ಮೇಲೆ ಯಾರೂ ಕುಳಿತಿಲ್ಲ, ಮೂರ್ತಿಯೂ ಇಲ್ಲ. ಮಂದಿರದ ಹಿಂದೆ ಒಂಬತ್ತು ಮಹಾಶಿಲೆಗಳು ನಿಂತಿವೆ. ಕೆಲವು ವಾಲಿವೆ, ಕೆಲವು ಬಿದ್ದಿವೆ. ಶಿಲೆಗಳ ಕೆಳಗೆ ಬೆಳಕು ಸರ್ವಥಾ ನಿಷಿದ್ಧವಾದ ಗುಹೆಯೂ ಅದರಾಚೆಗೆ ದಾರಿ ತಪ್ಪಿಸುವ ಸುರಂಗಗಳ ಜಾಲವೂ ಇವೆ. ಇದು ‘ಹೆಸರಿಲ್ಲದವರು’ ಎಂಬ ಭೂಗರ್ಭಶಕ್ತಿಗಳ ನೆಲೆ. ಅವರು ಬೆಳಕಿಗಿಂತಲೂ ಪುರಾತನರು, ಮಾನವರ ದೇವರುಗಳಿಗಿಂತಲೂ ಹಿಂದಿನವರು ಎಂಬುದು ಅಲ್ಲಿನ ಮೂಲವಿಶ್ವಾಸ.

ಈ ಶಕ್ತಿಗಳಿಗೆ ಒಬ್ಬಳೇ ಪ್ರಧಾನಯಾಜಕಿ. ಆಕೆಯು ಸಾಯುವುದಿಲ್ಲ, ಮತ್ತೆ ಮತ್ತೆ ಹುಟ್ಟುತ್ತಾಳೆ ಎಂದು ನಂಬಲಾಗಿದೆ. ಯಾಜಕಿಯು ತೀರಿಕೊಂಡ ರಾತ್ರಿಯಲ್ಲಿ ಹುಟ್ಟಿದ ಹೆಣ್ಣುಮಗುವನ್ನು ಹುಡುಕಿ, ಐದು ವರ್ಷ ತುಂಬಿದ ಮೇಲೆ ತಾಯಿತಂದೆಗಳಿಂದ ಅಗಲಿಸಿ ತರುತ್ತಾರೆ. ಆರನೆಯ ವಯಸ್ಸಿನಲ್ಲಿ ಸಮರ್ಪಣೆಯ ವಿಧಿ ನಡೆಯುತ್ತದೆ: ಬಿಳಿಯ ಉಡುಪಿನವನು ಮಗುವಿನ ಕೊರಳಿನ ಮೇಲೆ ಖಡ್ಗವನ್ನೆತ್ತುತ್ತಾನೆ, ಕೊನೆಯ ಕ್ಷಣದಲ್ಲಿ ಕಪ್ಪು ಉಡುಪಿನ ಆಕೃತಿಯೊಂದು ಅವನನ್ನು ತಡೆಯುತ್ತದೆ. ಪ್ರಾಣವು ಉಳಿಯುತ್ತದೆ, ಹೆಸರು ಉಳಿಯುವುದಿಲ್ಲ. ಟೆನಾರ್ ಎಂಬ ಬಾಲಕಿಯು ಅಂದಿನಿಂದ ‘ಆರ್ಹಾ’ ಆಗುತ್ತಾಳೆ. ಅಲ್ಲಿನ ಭಾಷೆಯಲ್ಲಿ ಅದರ ಅರ್ಥ ‘ಭಕ್ಷಿಸಲ್ಪಟ್ಟವಳು’. ನಮ್ಮ ‘ಅರ್ಹ’ ಶಬ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಆಕೆಯ ಕರ್ತವ್ಯವು ಬಲಿಯನ್ನು ಅರ್ಪಿಸುವುದು, ಅಮಾವಾಸ್ಯೆಯಂದು ಬರಿದಾದ ಸಿಂಹಾಸನದ ಮುಂದೆ ನರ್ತಿಸುವುದು, ಕತ್ತಲೆಯ ದಾರಿಗಳನ್ನು ಕೈಯಿಂದ ಸ್ಪರ್ಶಿಸಿ ಕಂಠಸ್ಥ ಮಾಡಿಕೊಳ್ಳುವುದು, ರಾಜನು ಕಳುಹಿಸಿದ ಬಂದಿಗಳನ್ನು ಹೆಸರಿಲ್ಲದವರಿಗೆ ಸಲ್ಲಿಸುವುದು. ಹೀಗೆ ಬಂದ ಮೂವರು ಬಂದಿಗಳು ಹಸಿವೆಬಾಯಾರಿಕೆಗಳಿಂದ ಸಾಯಲೆಂದು ಆಜ್ಞಾಪಿಸುವಾಗ ಆಕೆಯಿನ್ನೂ ಹರೆಯದ ಹುಡುಗಿ.

ಕ್ಷಯದ ಮೂರು ಲಕ್ಷಣಗಳು

ಈ ಧರ್ಮವನ್ನು ಯಾರೂ ನಿಷೇಧಿಸಿಲ್ಲ. ಆದರೂ ಅದು ಸಾಯುತ್ತಿದೆ. ಮೊದಲನೆಯ ಕಾರಣವು ರಾಜಕೀಯವಾದುದು. ಹಿಂದೆ ದ್ವೀಪಗಳ ಒಡೆಯರು ತಮ್ಮೊಳಗಿನ ವ್ಯಾಜ್ಯಗಳ ತೀರ್ಮಾನಕ್ಕಾಗಿ ಪ್ರಧಾನಯಾಜಕಿಯ ಬಳಿಗೆ ಬರುತ್ತಿದ್ದರು. ಯಾಜಕರಾಜರು ನಾಲ್ಕು ದ್ವೀಪಗಳನ್ನೂ ವಶಪಡಿಸಿಕೊಂಡು ತಮ್ಮನ್ನೇ ದೇವರೆಂದು ಘೋಷಿಸಿಕೊಂಡ ಮೇಲೆ ಆಕೆಯ ಸಲಹೆ ಯಾರಿಗೂ ಬೇಕಾಗಲಿಲ್ಲ. ಎರಡನೆಯದು ಭಾಷೆಯ ಕ್ಷಯ. ಶಿಲೆಗಳ ಮುಂದೆ ಜಪಿಸುವ ಶಬ್ದವು ಎಷ್ಟು ಹಳೆಯದೆಂದರೆ ಅದರ ಅರ್ಥವು ಯಾರಿಗೂ ತಿಳಿದಿಲ್ಲ. ಧ್ವನಿ ಮಾತ್ರ ಉಳಿದಿದೆ. ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ದೇವರಾಜನ ಮಂದಿರದ ಮುಖ್ಯಯಾಜಕಿಯಾದ ಕಾಸಿಲ್‌ಗೆ ಯಾವ ದೇವರಲ್ಲಿಯೂ ಭಕ್ತಿಯಿಲ್ಲ. ಆಕೆಗೆ ಪವಿತ್ರವಾದುದು ಅಧಿಕಾರವೊಂದೇ. ವಿಧಿಗಳನ್ನು ಆಕೆಯು ತಪ್ಪದೆ ನಡೆಸುತ್ತಾಳೆ. ಆದರೆ ಆರಾಧನೆಯೆಂಬುದು ಆಕೆಯಲ್ಲಿ ಇಲ್ಲ.

ಒಂದು ದಿನ ಕಾಸಿಲ್ ದೀಪವನ್ನು ಹಿಡಿದು, ಬೆಳಕೇ ನಿಷಿದ್ಧವಾದ ಗುಹೆಯನ್ನು ಪ್ರವೇಶಿಸಿ ನೆಲವನ್ನು ಅಗೆಯುವುದನ್ನು ಆರ್ಹಾ ಕಾಣುತ್ತಾಳೆ. ಶಕ್ತಿಗಳು ಅವಳನ್ನು ದಂಡಿಸುವುದಿಲ್ಲ. ಆಗ ಹುಡುಗಿಯ ನಂಬಿಕೆಯ ಬುಡವೇ ಕುಸಿಯುತ್ತದೆ: ದೇವರುಗಳು ಸತ್ತರೆಂದು ಆಕೆಯು ನಿರ್ಣಯಿಸುತ್ತಾಳೆ. ಆದರೆ ಶಾಂತಿಯ ಲಾಂಛನವನ್ನು ಹೊತ್ತ ಮುರಿದ ಬಳೆಯ ಅರ್ಧವನ್ನು ಹುಡುಕಿಕೊಂಡು ಬಂದು, ಅಲ್ಲಿಯೇ ಬಂದಿಯಾದ ಗೆಡ್ ಎಂಬ ಮಾಂತ್ರಿಕನು ಅದನ್ನು ಒಪ್ಪುವುದಿಲ್ಲ. ಅವನ ವಾದದ ಸಾರವಿದು: ಆ ಶಕ್ತಿಗಳು ಇವೆ, ಅವು ಸಾಯುವುದೂ ಇಲ್ಲ, ಆದರೆ ಅವು ದೇವರುಗಳಲ್ಲ, ಎಂದೂ ಆಗಿರಲಿಲ್ಲ. ಅವುಗಳಿಗೆ ಸೃಷ್ಟಿಸುವ ಸಾಮರ್ಥ್ಯವಿಲ್ಲ, ಕೊಡುವುದಕ್ಕೆ ಏನೂ ಇಲ್ಲ. ಅವುಗಳನ್ನು ಅಲ್ಲಗಳೆಯಬಾರದು, ಮರೆಯಲೂಬಾರದು, ಆದರೆ ಆರಾಧಿಸಬಾರದು. ಅವನ ಮಾತು ಕಥೆಯಲ್ಲಿಯೇ ಪ್ರಮಾಣಿತವಾಗುತ್ತದೆ. ಇಬ್ಬರೂ ಪಾರಾಗುವಾಗ ಭೂಮಿಯು ನಡುಗಿ ಮಂದಿರವೂ ಶಿಲೆಗಳೂ ಕುಸಿಯುತ್ತವೆ.

ಇರುವುದು ಬೇರೆ, ಆರಾಧ್ಯವಾಗುವುದು ಬೇರೆ

ಇಲ್ಲಿ ಕ್ರೈಸ್ತ ಓದುಗನು ನಿಂತು ಯೋಚಿಸಬೇಕಾಗಿದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಇದೇ ಸಮಸ್ಯೆಯನ್ನು ಎದುರಿಸಿದನು. ವಿಗ್ರಹವು ಏನೂ ಅಲ್ಲವೆಂದು ಎಂಟನೆಯ ಅಧ್ಯಾಯದಲ್ಲಿ ಹೇಳಿದವನೇ, ಹತ್ತನೆಯ ಅಧ್ಯಾಯದಲ್ಲಿ ಅದಕ್ಕೆ ಸಲ್ಲುವ ಬಲಿಯ ಹಿಂದೆ ಇರುವ ದುಷ್ಟಶಕ್ತಿಗಳ ವಿಷಯದಲ್ಲಿ ಎಚ್ಚರಿಸುತ್ತಾನೆ. ಇವೆರಡೂ ಪರಸ್ಪರವಿರುದ್ಧವಲ್ಲ. ಒಂದು ಶಕ್ತಿಯು ವಾಸ್ತವವಾಗಿರಬಹುದು, ಭಯಂಕರವೂ ಆಗಿರಬಹುದು. ಅಷ್ಟರಿಂದಲೇ ಅದು ಆರಾಧ್ಯವಾಗುವುದಿಲ್ಲ. ಜರ್ಮನಿಯ ದೇವತಾಶಾಸ್ತ್ರಜ್ಞ ರುಡಾಲ್ಫ್ ಒಟ್ಟೊ ಅವರು 1917ರ ತಮ್ಮ ಗ್ರಂಥದಲ್ಲಿ, ಪವಿತ್ರವಾದುದು ಮನುಷ್ಯನನ್ನು ನಡುಗಿಸುತ್ತದೆ, ಜೊತೆಗೆ ತನ್ನತ್ತ ಸೆಳೆಯುತ್ತದೆ ಎಂದು ವಿವರಿಸಿದರು. ಅಟುವಾನ್‌ನ ಶಕ್ತಿಗಳಲ್ಲಿ ನಡುಕವಿದೆ, ಹಸಿವೆಯಿದೆ, ಕೃಪೆಯ ಸೆಳೆತವಿಲ್ಲ.

ಹಾಗಾದರೆ ಬರಿದಾದ ಸಿಂಹಾಸನವೇ ಮಿಥ್ಯಾಧರ್ಮದ ಗುರುತೇ? ಆತುರದ ತೀರ್ಪು ಸಲ್ಲದು. ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿ ಪಾಂಪೆಯು ಯೆರೂಸಲೇಮಿನ ದೇವಾಲಯದ ಮಹಾಪವಿತ್ರಸ್ಥಾನವನ್ನು ಪ್ರವೇಶಿಸಿದಾಗ ಅಲ್ಲಿಯೂ ಯಾವ ಮೂರ್ತಿಯೂ ಇರಲಿಲ್ಲ. ಅವನ ಮೇಲೆ ಆಕಾಶದಿಂದ ಬೆಂಕಿಯೂ ಬೀಳಲಿಲ್ಲ. ಕ್ರಿ.ಶ. 70ರಲ್ಲಿ ಆ ದೇವಾಲಯವೇ ನೆಲಸಮವಾಯಿತು. ಶೂನ್ಯಸ್ಥಾನ, ದಂಡನೆಯಿಲ್ಲದ ಅಪವಿತ್ರೀಕರಣ, ಪಾಳುಬಿದ್ದ ಆಲಯ: ಈ ಮೂರೂ ಎರಡು ಕಡೆಗಳಲ್ಲಿಯೂ ಇವೆ. ವ್ಯತ್ಯಾಸವು ಇನ್ನೊಂದರಲ್ಲಿದೆ. ಇಸ್ರಾಯೇಲ್ಯರ ದೇವರು ಮೂರ್ತಿಯಲ್ಲಿ ಕಾಣಿಸಿಕೊಳ್ಳದಿದ್ದರೂ ಮಾತನಾಡಿದನು. ಅನಾಥರನ್ನೂ ವಿಧವೆಯರನ್ನೂ ಪರದೇಶಿಗಳನ್ನೂ ಕಾಯುವ ಆಜ್ಞೆಯನ್ನು ಕೊಟ್ಟನು. ಆದುದರಿಂದ ಜನರು ದೇವಾಲಯವನ್ನು ಕಳೆದುಕೊಂಡು ಬಾಬೆಲಿಗೆ ಸೆರೆಹೋದಾಗಲೂ ಆತನ ವಾಕ್ಯವು ಅವರೊಡನೆ ಹೋಯಿತು. ಅಟುವಾನ್‌ನ ಸಿಂಹಾಸನವು ಎಂದೂ ಮಾತನಾಡಲಿಲ್ಲ. ಅದರ ಶಕ್ತಿಗಳು ಸ್ಥಳಕ್ಕೆ ಕಟ್ಟಲ್ಪಟ್ಟವು. ಕಲ್ಲುಗಳು ಬಿದ್ದ ಮೇಲೆ ಜೊತೆಯಲ್ಲಿ ಕೊಂಡೊಯ್ಯಲು ಅಲ್ಲಿ ಏನೂ ಉಳಿಯಲಿಲ್ಲ.

ಎರಡನೆಯ ವ್ಯತ್ಯಾಸವು ಹೆಸರಿನ ವಿಷಯದ್ದು. ದೇವರು ಎಲ್ಲ ಹೆಸರುಗಳನ್ನೂ ಮೀರಿದವನೆಂದು ಅರಿಯೊಪಾಗದ ದಿಯೊನುಸಿಯನ ಹೆಸರಿನಲ್ಲಿ ಬಂದ ಗ್ರಂಥಗಳೂ ಬೋಧಿಸುತ್ತವೆ. ಆದರೆ ಆ ದೇವರು ಉರಿಯುವ ಪೊದೆಯ ಬಳಿಯಲ್ಲಿ ಮೋಶೆಯನ್ನು ಹೆಸರು ಹಿಡಿದು ಕರೆದು, ಬಳಿಕ ತನ್ನ ನಾಮವನ್ನೂ ತಿಳಿಸಿದನು. ಯೋಹಾನನ ಸುವಾರ್ತೆಯ ಒಳ್ಳೆಯ ಕುರುಬನೂ ತನ್ನ ಕುರಿಗಳನ್ನು ಹೆಸರಿನಿಂದ ಕರೆಯುವವನೇ. ಹೆಸರಿಲ್ಲದವರು ಭಕ್ತಳ ಹೆಸರನ್ನು ನುಂಗುತ್ತಾರೆ. ಗೆಡ್‌ನು ಆಕೆಯನ್ನು ಟೆನಾರ್ ಎಂದು ಕರೆದಾಗ ಬಿಡುಗಡೆಯ ದಾರಿಯು ತೆರೆಯುತ್ತದೆ.

ಸಭಾಪಾಲಕನಿಗೆ ಈ ಪಾಠ

ಈ ಕಥೆಯನ್ನು ನೆರೆಯವರ ಶ್ರದ್ಧೆಯನ್ನು ಅಳೆಯುವ ಕೋಲನ್ನಾಗಿ ಮಾಡಿಕೊಳ್ಳುವುದು ಸುಲಭ, ಆದರೆ ಅನ್ಯಾಯ. ಅದು ಮೊದಲು ನಮ್ಮನ್ನೇ ಪ್ರಶ್ನಿಸುತ್ತದೆ. ಪ್ರತಿ ಭಾನುವಾರವೂ ನಾವು ಹೇಳಿಸುವ ವಿಶ್ವಾಸಪ್ರಮಾಣದ ಮಾತುಗಳು ಕೇಳುವವರಿಗೆ ಅರ್ಥವನ್ನು ಕೊಡುತ್ತಿವೆಯೇ, ಕೇವಲ ಧ್ವನಿಯಾಗಿ ಉಳಿದಿವೆಯೇ? ಸಭೆಯ ಸಂಖ್ಯೆಯು ಕುಗ್ಗಿದಾಗ, ಭಯವನ್ನು ಹುಟ್ಟಿಸಿಯಾದರೂ ಜನರನ್ನು ಹಿಡಿದಿಡುವ ಶೋಧನೆಯು ನಮಗೆ ಬರುವುದಿಲ್ಲವೇ? ಕ್ರಮವನ್ನು ಒಂದಕ್ಷರವೂ ತಪ್ಪದೆ ನಡೆಸುತ್ತಾ ಅಧಿಕಾರವನ್ನಷ್ಟೇ ಪ್ರೀತಿಸುವ ಕಾಸಿಲ್ ನಮ್ಮ ನಿಲುವಂಗಿಯೊಳಗೂ ಇರಬಲ್ಲಳು. ಸಂಖ್ಯೆಯು ಕುಗ್ಗಿದುದರಿಂದ ನಮ್ಮ ದೇವರು ಸುಳ್ಳಾಗುವುದಿಲ್ಲ. ಆಲಯವು ತುಂಬಿದುದರಿಂದ ನಮ್ಮ ಆರಾಧನೆಯು ಸತ್ಯವಾಗುವುದೂ ಇಲ್ಲ.

ಇನ್ನೊಂದು ಮಾತು. ಟೆನಾರ್ ಬಿಡುಗಡೆ ಹೊಂದಿದೊಡನೆ ಹರ್ಷಿಸುವುದಿಲ್ಲ. ಕತ್ತಲೆಯಲ್ಲಿ ಸತ್ತ ಆ ಮೂವರಿಗಾಗಿಯೂ ವ್ಯರ್ಥವಾದ ತನ್ನ ವರ್ಷಗಳಿಗಾಗಿಯೂ ಅಳುತ್ತಾಳೆ. ತನ್ನನ್ನು ಬಿಡಿಸಿದವನ ಮೇಲೆಯೇ ಒಮ್ಮೆ ಚೂರಿಯನ್ನು ಎತ್ತಲು ಹೊರಡುತ್ತಾಳೆ. ಗೆಡ್‌ನು ಆ ಅಳುವನ್ನು ಅವಸರದಿಂದ ನಿಲ್ಲಿಸಲು ಹೋಗುವುದಿಲ್ಲ. ಆಕೆಯು ಮಾಡಿದ್ದನ್ನು ಇಲ್ಲವೆನ್ನುವುದೂ ಇಲ್ಲ. ಭಯದ ಧರ್ಮದಿಂದ ಹೊರಬಂದವರು ನಮ್ಮ ಬಳಿಗೂ ಬರುತ್ತಾರೆ, ಕೆಲವೊಮ್ಮೆ ನಮ್ಮ ಸಭೆಗಳಿಂದಲೇ ಹೊರಬಂದು. ಅವರಿಂದ ಕೂಡಲೇ ಸಾಕ್ಷಿಯನ್ನು ಹೇಳಿಸಬೇಕೆಂಬ ಆಸೆಯನ್ನು ತಡೆದುಕೊಂಡು, ಅವರ ಹೆಸರನ್ನು ಕೇಳಿ ತಿಳಿದು, ಅವರು ಅಳುವಷ್ಟು ಕಾಲ ಪಕ್ಕದಲ್ಲಿ ಕುಳಿತಿರುವುದು ಸಭಾಪಾಲಕನ ಮೊದಲನೆಯ ಸೇವೆ.