ಕಾವಿಗೆ ಬಂದ ಹೇಂಟೆಯ ಲಕ್ಷಣಗಳೂ ಅದನ್ನು ನೋಡಿಕೊಳ್ಳತಕ್ಕ ಕ್ರಮವೂ

ಜಮೀನು, ತೋಟ, ದನಕರುಗಳ ವಿಚಾರದಲ್ಲಿ ದಿನವೂ ಗಮನವಿಡುವ ದೊಡ್ಡ ಹಿಡುವಳಿದಾರರು ಸಹ ಹಿತ್ತಿಲ ಕೋಳಿಗಳ ಲೆಕ್ಕವನ್ನು ಇಟ್ಟುಕೊಳ್ಳುವುದಿಲ್ಲ. ಕೋಳಿಯೆಂದರೆ ಹೆಂಗಸರ ಪಾಲಿನ ಅಲ್ಪ ವ್ಯವಹಾರವೆಂದು ಉದಾಸೀನ ಮಾಡುವುದೇ ವಾಡಿಕೆ. ಆದರೆ ಭೂಮಿಯಿಲ್ಲದ ಕೂಲಿಗಾರನ ಮನೆಯಲ್ಲಿರುವ ಏಕಮಾತ್ರ ಜೀವಧನವು ಅನೇಕ ವೇಳೆ ಈ ಕೋಳಿಯೇ ಆಗಿರುತ್ತದೆ. ಹಬ್ಬಕ್ಕೂ, ನೆಂಟರಿಗೂ, ಮಕ್ಕಳ ಪುಸ್ತಕಕ್ಕೂ, ಔಷಧಕ್ಕೂ ಬೇಕಾಗುವ ಕೈಗಾಸು ಅದರಿಂದಲೇ ಹುಟ್ಟುತ್ತದೆ. ಈ ಕೈಗಾಸಿನ ಹೆಚ್ಚು ಕಡಮೆಗಳು ಬಹುಮಟ್ಟಿಗೆ, ಹೇಂಟೆಯು ಕಾವಿಗೆ ಬಂದಾಗ ಅದನ್ನು ಏನು ಮಾಡಬೇಕೆಂಬ ತಿಳಿವಳಿಕೆಯನ್ನು ಅವಲಂಬಿಸಿವೆ. ಆದುದರಿಂದ ಗ್ರಾಮಪ್ರಮುಖರೂ ಭೂಮಾಲೀಕರೂ ಈ ವಿಷಯವನ್ನು ಅರಿತು, ತಮ್ಮ ಗ್ರಾಮದವರಿಗೆ ತಿಳಿಯಹೇಳುವುದು ಯುಕ್ತವಾಗಿದೆ.

ಲೆಕ್ಕವು ಸರಳವಾದುದು. ನಮ್ಮ ನಾಟಿ ಹೇಂಟೆಯು ಒಂದು ಸರದಿಗೆ ಸುಮಾರು ೧೦ರಿಂದ ೧೫ ಮೊಟ್ಟೆಗಳನ್ನಿಟ್ಟು ಕಾವಿಗೆ ಕೂರಬಯಸುತ್ತದೆ. ಕೂತರೆ ೨೧ ದಿನ ಕಾವು. ಮರಿಗಳಾದ ಮೇಲೆ ಅವುಗಳ ಹಿಂದೆ ಎರಡು ತಿಂಗಳಿಗೆ ಕಡಮೆಯಿಲ್ಲದ ತಿರುಗಾಟ. ಈ ಅವಧಿಯಲ್ಲಿ ಒಂದು ಮೊಟ್ಟೆಯೂ ದೊರೆಯುವುದಿಲ್ಲ. ವರ್ಷಕ್ಕೆ ಮೂರು ನಾಲ್ಕು ಸರದಿಗಳಾಗುವಷ್ಟರಲ್ಲಿ ವರ್ಷವೇ ಮುಗಿದುಹೋಗುತ್ತದೆ. ಹೀಗಾಗಿ ಕಾವಿಗೆ ಬಂದ ಪ್ರತಿಯೊಂದು ಹೇಂಟೆಯ ವಿಷಯದಲ್ಲಿಯೂ ಮರಿ ಬೇಕೋ ಮೊಟ್ಟೆ ಬೇಕೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ನಿಶ್ಚಯಿಸದೆ ಖಾಲಿ ಗೂಡಿನ ಮೇಲೆ ವಾರಗಟ್ಟಲೆ ಕೂರಲು ಬಿಟ್ಟರೆ ಮರಿಯೂ ಇಲ್ಲ, ಮೊಟ್ಟೆಯೂ ಇಲ್ಲ; ಕೋಳಿಯು ಸೊರಗುವುದೊಂದೇ ಫಲ.

ಲಕ್ಷಣಗಳು

ಮೊಟ್ಟೆಯಿಟ್ಟೊಡನೆ ಕೂಗುತ್ತಾ ಹೊರಗೆ ಬರುತ್ತಿದ್ದ ಹೇಂಟೆಯು ಗೂಡಿನಲ್ಲಿ ಹೆಚ್ಚು ಹೊತ್ತು ಉಳಿಯತೊಡಗುವುದು ಮೊದಲನೆಯ ಸೂಚನೆ. ಆದರೆ ಒಂದು ಹಗಲು ಕೂತ ಮಾತ್ರಕ್ಕೆ ಕಾವಿಗೆ ಬಂದಿತೆಂದು ಹೇಳಲಾಗದು. ಸಾಯಂಕಾಲ ಸಂಗಡದ ಕೋಳಿಗಳು ಅಟ್ಟವನ್ನೋ ಕೊಂಬೆಯನ್ನೋ ಹತ್ತಿದ ಮೇಲೆಯೂ ಇದು ಗೂಡಿನಲ್ಲಿಯೇ ರಾತ್ರಿಯನ್ನು ಕಳೆಯುವುದಾದರೆ ಸಂದೇಹವು ಬಹಳ ಮಟ್ಟಿಗೆ ಪರಿಹಾರವಾಗುತ್ತದೆ. ಕೈಯೊಡ್ಡಿದರೆ ಗರಿಗಳನ್ನು ಕೆದರಿಕೊಂಡು, ಮೈಯನ್ನು ಚಪ್ಪಟೆ ಮಾಡಿ, ಗುರುಗುಟ್ಟಿ ಕುಕ್ಕಲು ಬರುತ್ತದೆ. ಎತ್ತಿ ಹೊರಗೆ ಬಿಟ್ಟರೆ ತಡೆತಡೆದು ಕೊಕ್ ಕೊಕ್ ಎನ್ನುತ್ತಾ ನಾಲ್ಕು ಹೆಜ್ಜೆ ಸುತ್ತಿ ಪುನಃ ಅದೇ ಸ್ಥಳಕ್ಕೆ ಓಡುತ್ತದೆ. ಎದೆಯ ಕೆಳಗಿನ ಗರಿಗಳು ಉದುರಿ ಅಥವಾ ಕೀಳಲ್ಪಟ್ಟು ಬರಿಯ ಚರ್ಮವು ಕಾಣುತ್ತದೆ. ಮುಟ್ಟಿದರೆ ಆ ಭಾಗವು ಬಿಸಿಯಾಗಿರುತ್ತದೆ. ಮೈಯ ಶಾಖವು ನೇರವಾಗಿ ಮೊಟ್ಟೆಗೆ ತಗಲುವುದಕ್ಕಾಗಿ ಪ್ರಕೃತಿಯು ಮಾಡಿರುವ ಏರ್ಪಾಡು ಇದು. ದಿನಗಳೆದಂತೆ ನೆತ್ತಿಯ ಜುಟ್ಟು ಕುಗ್ಗಿ ಬಣ್ಣಗೆಡುತ್ತದೆ. ದಿನಕ್ಕೊಮ್ಮೆ ಮಾತ್ರ ಸ್ವಲ್ಪ ಹೊತ್ತು ಎದ್ದು ಮೇವು ನೀರು ಮುಗಿಸಿ, ದೊಡ್ಡ ಮುದ್ದೆಯಂತಹ ದುರ್ನಾತದ ಹಿಕ್ಕೆಯನ್ನು ಹಾಕಿ ಹಿಂದಿರುಗುವುದು ಕಾವುಕೋಳಿಗೇ ವಿಶೇಷವಾದ ಗುರುತು.

ಈ ಲಕ್ಷಣಗಳನ್ನು ರೋಗದೊಡನೆ ಬೆರೆಸಿಕೊಳ್ಳಬಾರದು. ರೋಗ ತಗಲಿದ ಕೋಳಿಯು ಮುದುಡಿ, ಕಣ್ಣುಮುಚ್ಚಿ ಕೂರುತ್ತದೆ; ಕೈಯಿಟ್ಟರೆ ಪ್ರತಿಭಟಿಸುವುದಿಲ್ಲ; ಹಿಕ್ಕೆಯು ನೀರಾಗಿ ಹಸುರು ಅಥವಾ ಬಿಳಿ ಬಣ್ಣದ್ದಾಗಿರಬಹುದು. ಮೊಟ್ಟೆ ಸಿಕ್ಕಿಕೊಂಡ ಹೇಂಟೆಯು ಗೂಡಿಗೆ ಹೋಗಿಬಂದು ಮುಕ್ಕುತ್ತಿರುತ್ತದೆ, ಬಾಲವನ್ನು ತಗ್ಗಿಸಿ ನಿಲ್ಲುತ್ತದೆ. ಇವೆರಡಕ್ಕೂ ಪಶುವೈದ್ಯರ ಸಲಹೆ ಬೇಕು. ಕಾವಿಗೆ ಬಂದ ಹೇಂಟೆಗೆ ಯಾವ ವೈದ್ಯವೂ ಬೇಕಿಲ್ಲ. ಅದರ ಕೋಪವೇ ಅದರ ಆರೋಗ್ಯಕ್ಕೆ ಸಾಕ್ಷಿ.

ಕಾವಿನ ಕಾರಣವನ್ನು ಕುರಿತು ಒಂದೆರಡು ಮಾತು. ಮಿದುಳಿನ ತಳದಲ್ಲಿರುವ ಸಣ್ಣ ಗ್ರಂಥಿಯೊಂದರಿಂದ ಪ್ರೊಲಾಕ್ಟಿನ್ ಎಂಬ ರಸವು ಹೆಚ್ಚಾಗಿ ಒಸರುವುದರಿಂದ ಮೊಟ್ಟೆಯ ಗೊಂಚಲು ಸೊರಗಿ, ಕೂರುವ ಹಂಬಲವು ಬಲಿಯುತ್ತದೆ. ಗೂಡಿನ ಮರೆ, ಎದೆಗೆ ತಗಲುವ ಮೊಟ್ಟೆಗಳ ಸ್ಪರ್ಶ, ಬೆಚ್ಚನೆಯ ಹಾಸು ಇವು ಆ ರಸವು ನಿಲ್ಲದಂತೆ ಪೋಷಿಸುತ್ತವೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಕಾವು ಬಿಡಿಸುವ ಕ್ರಮವೂ ತಾನಾಗಿಯೇ ಸ್ಪಷ್ಟವಾಗುವುದು.

ಕಾವು ಬಿಡಿಸುವುದು

ಮರಿ ಬೇಡವಾದಾಗಲೂ, ಏಪ್ರಿಲ್ ಮೇ ತಿಂಗಳುಗಳ ಉರಿಬಿಸಿಲಿನಲ್ಲಿಯೂ, ಹೇಂಟೆಯು ಹಿಂದೆ ಮೊಟ್ಟೆಗಳನ್ನು ಒಡೆದು ತಿಂದುದಾದರೂ ಕಾವು ಬಿಡಿಸುವುದೇ ಲೇಸು. ಇದಕ್ಕಾಗಿ ಕೆಲವು ಗ್ರಾಮಗಳಲ್ಲಿ ಹೇಂಟೆಯನ್ನು ಪದೇ ಪದೇ ತಣ್ಣೀರಿನಲ್ಲಿ ಮುಳುಗಿಸುವುದು, ಮೂಗಿನ ಹೊಳ್ಳೆಗಳಲ್ಲಿ ಗರಿಯನ್ನು ತೂರಿಸುವುದು, ಕಾಲು ಕಟ್ಟಿ ಉಪವಾಸ ಕೆಡಹುವುದು ಮೊದಲಾದ ಪದ್ಧತಿಗಳಿವೆ. ಇವು ಕ್ರೂರವಾದುವು, ನಿಷ್ಪ್ರಯೋಜಕವೂ ಹೌದು. ಉಪವಾಸದಿಂದ ಕೃಶವಾದ ಹೇಂಟೆಯು ಪುನಃ ಮೊಟ್ಟೆಗೆ ಬರುವುದು ತಡವಾಗುತ್ತದೆಯೇ ಹೊರತು ಬೇಗವಾಗುವುದಿಲ್ಲ. ಮೂಗಿನ ಗಾಯದಿಂದ ಬೇರೆ ರೋಗಗಳಿಗೆ ದಾರಿಯಾಗುತ್ತದೆ.

ಸುಲಭವಾದ ಕ್ರಮವೆಂದರೆ, ತಳದಲ್ಲಿ ಸಂದುಗಳಿರುವ ಬಿದಿರಿನ ಅಥವಾ ತಂತಿಯ ಪಂಜರವೊಂದನ್ನು ನಾಲ್ಕು ಇಟ್ಟಿಗೆಗಳ ಮೇಲೆ ನೆಲದಿಂದ ಎತ್ತರಿಸಿ, ಬೆಳಕೂ ಗಾಳಿಯೂ ಆಡುವ ನೆರಳಿನಲ್ಲಿಟ್ಟು, ಅದರೊಳಗೆ ಹೇಂಟೆಯನ್ನು ಬಿಡುವುದು. ಹುಲ್ಲು, ಚೀಲ, ಬೂದಿ ಯಾವುದನ್ನೂ ಹಾಸಬಾರದು. ಕೆಳಗಿನಿಂದ ಗಾಳಿಯು ಎದೆಗೆ ತಾಗಿ ಶಾಖವು ಆರುತ್ತದೆ. ಮರೆಯೂ ಮೊಟ್ಟೆಯೂ ಇಲ್ಲದುದರಿಂದ ಹಂಬಲವು ಕುಂದುತ್ತದೆ. ಮೇವು ನೀರುಗಳನ್ನು ಮಾತ್ರ ಎಂದಿನಂತೆ ಪೂರ್ತಿಯಾಗಿ ಕೊಡತಕ್ಕದ್ದು. ಮೊದಲನೆಯ ಅಥವಾ ಎರಡನೆಯ ದಿನವೇ ಹೀಗೆ ಮಾಡಿದರೆ ಸಾಮಾನ್ಯವಾಗಿ ಮೂರು ನಾಲ್ಕು ದಿನಗಳು ಸಾಕು. ವಾರ ಕಳೆದ ಮೇಲೆ ಮಾಡಿದರೆ ಅದಕ್ಕೆ ತಕ್ಕಷ್ಟು ಹೆಚ್ಚು ದಿನ ಹಿಡಿಯುತ್ತದೆ. ಹೊರಗೆ ಬಿಟ್ಟು ನೋಡಿ, ಹೇಂಟೆಯು ಗೂಡಿಗೆ ಓಡದೆ ಸಂಗಡದ ಕೋಳಿಗಳೊಡನೆ ಮೇಯಲು ಹೋದರೆ ಬಿಡುಗಡೆ. ಗೂಡಿಗೆ ಓಡಿದರೆ ಪುನಃ ಪಂಜರವೇ. ಮುಂದಿನ ಮೊಟ್ಟೆಗಾಗಿ ಒಂದೆರಡು ವಾರ ಕಾಯಬೇಕಾಗುವುದು. ಮೊಟ್ಟೆಗಳನ್ನು ದಿನಂಪ್ರತಿ ತೆಗೆದುಬಿಡುವ ಅಭ್ಯಾಸವಿದ್ದಲ್ಲಿ ಕಾವಿಗೆ ಬರುವುದೂ ಸ್ವಲ್ಪ ನಿಧಾನವಾಗುತ್ತದೆ.

ಮರಿ ಮಾಡಿಸುವುದು

ಮಳೆಗಾಲವು ಹಿಂದಾದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲವು ನಮ್ಮ ಬಯಲುಸೀಮೆಯಲ್ಲಿ ಮರಿ ಮಾಡಿಸಲು ಪ್ರಶಸ್ತವಾದುದು. ಹೇಂಟೆಯು ಕಾವಿಗೆ ಬಂದೊಡನೆಯೇ ಒಳ್ಳೆಯ ಮೊಟ್ಟೆಗಳನ್ನು ಕೆಳಗಿಡುವುದು ಅವಸರದ ಕೆಲಸ. ಕೆಟ್ಟ ಮೊಟ್ಟೆಗಳನ್ನೋ ಮೊಟ್ಟೆಯ ಆಕಾರದ ನುಣುಪಾದ ಕಲ್ಲುಗಳನ್ನೋ ಇಟ್ಟು ಎರಡು ಮೂರು ರಾತ್ರಿ ಪರೀಕ್ಷಿಸಬೇಕು. ಅಲುಗದೆ ಕೂತರೆ ನಂಬಬಹುದು. ಸ್ಥಳವನ್ನು ಬದಲಾಯಿಸುವುದಾದರೆ ಕತ್ತಲೆಯಾದ ಮೇಲೆ ಬದಲಾಯಿಸಬೇಕು. ಹಗಲಿನಲ್ಲಿ ಎತ್ತಿಟ್ಟ ಹೇಂಟೆಯು ಹಳೆಯ ಸ್ಥಳಕ್ಕೆ ಹಿಂದಿರುಗುವುದುಂಟು. ಅಗಲ ಬಾಯಿಯ ಬುಟ್ಟಿಯ ತಳಕ್ಕೆ ಸ್ವಲ್ಪ ಮಣ್ಣನ್ನೂ, ಅದರ ಮೇಲೆ ಬೂದಿಯನ್ನೂ, ಮೇಲೆ ಒಣ ಹುಲ್ಲನ್ನೂ ಹಾಕಿ, ನಡುವೆ ತಗ್ಗು ಮಾಡಿ, ಇಲಿ ಹಾವುಗಳು ಬಾರದ ನಸುಗತ್ತಲೆಯ ಮೂಲೆಯಲ್ಲಿಡಬೇಕು. ಹೇಂಟೆಯ ರೆಕ್ಕೆಗಳ ಕೆಳಗೆ ಹೇನುಗಳಿವೆಯೇ ಎಂದು ನೋಡುವುದು ಅವಶ್ಯಕ. ಹೇನಿನ ಬಾಧೆ ತಾಳಲಾರದೆ ನಡುವೆ ಎದ್ದುಹೋದ ಹೇಂಟೆಯನ್ನು ಅಪಶಕುನವೆಂದು ಶಪಿಸುವವರುಂಟು, ಶಪಿಸಬೇಕಾದುದು ಹೇನನ್ನು.

ಮರಿಗಳ ಸಂಖ್ಯೆಯು ನಿರ್ಣಯವಾಗುವುದು ಕಾವಿಗೆ ಕೂರಿಸುವುದಕ್ಕೆ ಮುಂಚೆಯೇ, ಮೊಟ್ಟೆಗಳನ್ನು ಕೂಡಿಡುವ ರೀತಿಯಲ್ಲಿ. ಹುಂಜದ ಸಹವಾಸವಿಲ್ಲದ ಮೊಟ್ಟೆಯಲ್ಲಿ ಮರಿಯಾಗದೆಂಬುದು ಎಲ್ಲರಿಗೂ ಗೊತ್ತು. ಎಂಟು ಹತ್ತು ಹೇಂಟೆಗಳಿಗೆ ಒಂದು ಒಳ್ಳೆಯ ಹುಂಜವಿರಬೇಕು. ಆದರೆ ಜೀವವುಳ್ಳ ಮೊಟ್ಟೆಯು ಸಹ ಸೆಕೆಯಲ್ಲಿ ಕೆಡುವುದೆಂಬುದನ್ನು ಬಹಳ ಜನರು ಅರಿಯರು. ಬೇಸಗೆಯ ದಿನಗಳಲ್ಲಿ ಹೆಂಚಿನ ಅಥವಾ ತಗಡಿನ ಮಾಡಿನ ಕೆಳಗಿಟ್ಟ ಮೊಟ್ಟೆಯೊಳಗೆ ಭ್ರೂಣವು ಅರೆಬರೆಯಾಗಿ ಬೆಳೆಯತೊಡಗಿ, ಸಾಕಷ್ಟು ಶಾಖವಿಲ್ಲದೆ ಸತ್ತುಹೋಗುತ್ತದೆ. ತಂಪು ಕಾಲದಲ್ಲಿ ಒಂದು ವಾರದವರೆಗೂ, ಬೇಸಗೆಯಲ್ಲಿ ಮೂರು ನಾಲ್ಕು ದಿನಗಳವರೆಗೂ ಮಾತ್ರ ಕೂಡಿಟ್ಟ ಮೊಟ್ಟೆಗಳನ್ನು ಉಪಯೋಗಿಸತಕ್ಕದ್ದು. ಮರಳು ತುಂಬಿದ ಅಗಲವಾದ ಮಡಕೆಯ ಸುತ್ತ ನೀರು ಚಿಮುಕಿಸಿ, ಮೊಟ್ಟೆಗಳ ಚೂಪುತುದಿ ಕೆಳಗಾಗುವಂತೆ ಒಣಮರಳಿನಲ್ಲಿ ನಿಲ್ಲಿಸಿಟ್ಟರೆ ತಂಪಾಗಿರುತ್ತವೆ. ತೊಳೆಯುವುದೂ ಕಿವಿಯ ಬಳಿ ಅಲ್ಲಾಡಿಸಿ ನೋಡುವುದೂ ಕೂಡದು. ಸಿಡಿಲಿಗೆ ಮೊಟ್ಟೆಗಳು ಕೆಡುವುವೆಂದು ಬುಟ್ಟಿಯಲ್ಲಿ ಇದ್ದಲು, ಕಬ್ಬಿಣದ ಚೂರು, ಒಣಮೆಣಸಿನಕಾಯಿಗಳನ್ನಿಡುವ ವಾಡಿಕೆಯಿದೆ. ಇಟ್ಟರೆ ಹಾನಿಯೇನೂ ಇಲ್ಲ. ಆದರೆ ಗುಡುಗಿನ ದಿನಗಳಿಗೆ ಮುಂಚಿನ ಸೆಕೆಯೇ ಮೊಟ್ಟೆಗಳನ್ನು ಕೆಡಿಸಿರುತ್ತದೆಂದು ತಿಳಿದು, ಅವನ್ನು ತಂಪಾಗಿಡುವುದರ ಕಡೆಗೆ ಗಮನ ಕೊಡುವುದು ಉತ್ತಮ.

ಸಾಧಾರಣ ಗಾತ್ರದ ನಾಟಿ ಹೇಂಟೆಗೆ ೧೦ರಿಂದ ೧೨ ಮೊಟ್ಟೆಗಳು ಸಾಕು. ಆಸೆಯಿಂದ ೧೮ ಇಟ್ಟರೆ ಅಂಚಿನ ಮೊಟ್ಟೆಗಳು ಸರದಿಯಂತೆ ತಣ್ಣಗಾಗಿ, ಇದ್ದವೂ ಕೆಡುತ್ತವೆ. ಎಲ್ಲವನ್ನೂ ಒಂದೇ ಸಾಯಂಕಾಲ ಇಟ್ಟು, ತಾರೀಖನ್ನು ಗೋಡೆಯ ಮೇಲೆ ಬರೆದಿಡಬೇಕು. ದಿನಕ್ಕೊಮ್ಮೆ ಹೇಂಟೆಯು ಎದ್ದು ರಾಗಿ, ಜೋಳ ಅಥವಾ ನುಚ್ಚು ತಿಂದು, ನೀರು ಕುಡಿದು, ಧೂಳಿನಲ್ಲಿ ಹೊರಳಾಡಿ ಬರಲು ಅವಕಾಶವಿರಲಿ. ತಾನಾಗಿ ಏಳದಿದ್ದರೆ ರೆಕ್ಕೆಗಳ ಕೆಳಗೆ ಮೊಟ್ಟೆ ಸಿಕ್ಕಿಕೊಂಡಿಲ್ಲವೆಂದು ನೋಡಿ, ಮೆಲ್ಲನೆ ಎತ್ತಿ ಹೊರಗಿಡಬೇಕು. ಏಳನೆಯ ರಾತ್ರಿ ಕತ್ತಲೆಯ ಕೋಣೆಯಲ್ಲಿ ಬ್ಯಾಟರಿ ದೀಪಕ್ಕೆ ಎದುರಾಗಿ ಒಂದೊಂದೇ ಮೊಟ್ಟೆಯನ್ನು ಹಿಡಿದು ನೋಡತಕ್ಕದ್ದು. ಜೇಡರ ಬಲೆಯಂತೆ ಕೆಂಪು ನರಗಳು ಹರಡಿದ್ದರೆ ಜೀವವಿದೆ. ತಿಳಿಯಾಗಿದ್ದರೆ ಬಂಜೆ, ರಕ್ತದ ಉಂಗುರವೊಂದು ಮಾತ್ರ ಕಂಡರೆ ಭ್ರೂಣವು ಸತ್ತಿದೆ. ಇವನ್ನು ತೆಗೆದುಬಿಟ್ಟರೆ ಕೊಳೆತು ಒಡೆಯುವ ಭಯವಿಲ್ಲ, ಉಳಿದವಕ್ಕೆ ಶಾಖವೂ ಹೆಚ್ಚುತ್ತದೆ. ಏಕಕಾಲದಲ್ಲಿ ಕೂರಿಸಿದ ಎರಡು ಹೇಂಟೆಗಳಿದ್ದು ಬಂಜೆಗಳು ಬಹಳವಾದರೆ, ಒಳ್ಳೆಯವುಗಳನ್ನೆಲ್ಲಾ ಒಂದಕ್ಕೇ ಇಟ್ಟು ಇನ್ನೊಂದನ್ನು ಪುನಃ ಹೊಸ ಮೊಟ್ಟೆಗಳಿಗೆ ಕೂರಿಸಬಹುದು. ಬಾತುಕೋಳಿಯ ಮೊಟ್ಟೆಗಳನ್ನೂ ನಾಟಿ ಹೇಂಟೆಯು ನಿರ್ವಂಚನೆಯಿಂದ ಕಾಯುತ್ತದೆ. ಅವಕ್ಕೆ ೨೮ ದಿನಗಳು ಬೇಕು.

ಹತ್ತೊಂಬತ್ತನೆಯ ದಿನದಿಂದ ಗೂಡನ್ನು ಮುಟ್ಟಬಾರದು. ಚಿಪ್ಪು ಬಿರಿದ ಮರಿಯನ್ನು ಕೈಯಿಂದ ಬಿಡಿಸಹೋದರೆ ರಕ್ತ ಸುರಿದು ಸಾಯುತ್ತದೆ. ಹೊಟ್ಟೆಯೊಳಗೆ ಹಳದಿಯ ಶೇಷವು ಇರುವುದರಿಂದ ಮೊದಲನೆಯ ದಿನ ಮೇವಿಲ್ಲದಿದ್ದರೂ ಮರಿಗೆ ಬಾಧಕವಿಲ್ಲ. ಅನಂತರ ಸಣ್ಣ ನುಚ್ಚನ್ನೂ ರಾಗಿಯನ್ನೂ, ಮರಿ ಬಿದ್ದು ಮುಳುಗದಷ್ಟು ಆಳವಿಲ್ಲದ ತಟ್ಟೆಯಲ್ಲಿ ನೀರನ್ನೂ ಇಡಬೇಕು. ಎರಡು ಮೂರು ವಾರ ತಾಯಿಯನ್ನು ಪಂಜರದಲ್ಲಿಟ್ಟು ಮರಿಗಳು ಸಂದಿನಿಂದ ಹೋಗಿಬರುವಂತೆ ಮಾಡಿದರೆ ಹದ್ದು, ಕಾಗೆ, ಮುಂಗುಸಿ, ಬೆಕ್ಕುಗಳ ಪಾಲಾಗುವುದು ಬಹಳ ಕಡಮೆಯಾಗುವುದು.

ಈ ಗುಣವನ್ನು ಕಳೆದುಕೊಳ್ಳುವ ಅಪಾಯ

ಇಟಲಿಯ ಮೂಲದ ಬಿಳಿ ಲೆಗ್‌ಹಾರ್ನ್ ಕೋಳಿಯಲ್ಲಿ ತಲೆತಲಾಂತರದ ಆಯ್ಕೆಯಿಂದ ಕಾವಿನ ಗುಣವು ಬಹುತೇಕ ಅಳಿದುಹೋಗಿದೆ. ಅದಕ್ಕಾಗಿಯೇ ಅದು ಮೊಟ್ಟೆಗಳಲ್ಲಿ ಮುಂದು. ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜ ಮತ್ತು ೨೦೦೫ರಲ್ಲಿ ಹೊರಬಂದ ಸ್ವರ್ಣಧಾರ ತಳಿಗಳು ಹಿತ್ತಿಲಿನಲ್ಲಿ ಚೆನ್ನಾಗಿ ಬೆಳೆದು ನಾಟಿಗಿಂತ ಹೆಚ್ಚು ಮೊಟ್ಟೆಗಳನ್ನಿಡುತ್ತವೆ. ಆದರೆ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಇವನ್ನು ತಂದ ಉತ್ಸಾಹದಲ್ಲಿ ನಾಟಿ ಹೇಂಟೆಗಳನ್ನೆಲ್ಲಾ ಸಂತೆಗೆ ಮಾರಿದ ಮನೆಯವರು ಮರುವರ್ಷ ಮರಿಗಾಗಿ ಪುನಃ ಹಣ ಕೊಡಬೇಕಾಗುತ್ತದೆ. ಹಣವಿದ್ದವರಿಗೆ ಇದು ಭಾರವಲ್ಲ. ಇಲ್ಲದವರ ಕೋಳಿಸಾಕಣೆಯು ಅಲ್ಲಿಗೆ ನಿಂತುಹೋಗುತ್ತದೆ. ಆದುದರಿಂದ ಸುಧಾರಿತ ತಳಿಗಳನ್ನು ಸಾಕುವವರೂ ಎರಡು ಮೂರು ಒಳ್ಳೆಯ ನಾಟಿ ತಾಯಿಗಳನ್ನು ಉಳಿಸಿಕೊಂಡು, ಮೊಟ್ಟೆಗಳನ್ನು ಅವಕ್ಕೆ ಕೂರಿಸತಕ್ಕದ್ದು. ಭೂಮಾಲೀಕರು ತಮ್ಮ ಹೇಂಟೆಗಳನ್ನು ಬಡವರ ಮನೆಗೆ ಪಾಲಿಗೆ ಕೊಡುವಾಗ, ಮರಿಗಳನ್ನು ಚೆನ್ನಾಗಿ ಸಾಕಿದ ಹೇಂಟೆಯ ಸಂತತಿಯನ್ನೇ ಆರಿಸಿ ಕೊಟ್ಟರೆ ಇಬ್ಬರಿಗೂ ಲಾಭ.

ಗ್ರಾಮಪ್ರಮುಖರಿಂದ ಮಾತ್ರ ಆಗತಕ್ಕ ಇನ್ನೊಂದು ಕೆಲಸವಿದೆ. ಮರಿಗಳನ್ನು ಗುಂಪುಗುಂಪಾಗಿ ಕೊಲ್ಲುವ ಕೊಕ್ಕರೆ ರೋಗಕ್ಕೆ ಮರಿ ಹುಟ್ಟಿದ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಲಸಿಕೆಯ ಹನಿ ಹಾಕಿಸಬೇಕು. ಎಂಟನೆಯ ವಾರದಲ್ಲಿ ಸೂಜಿಮದ್ದು ಕೊಡಿಸಬೇಕು. ಈ ಹನಿಯ ಸೀಸೆಯು ಸಾಧಾರಣವಾಗಿ ನೂರು ಮರಿಗಳಿಗಾಗುವಷ್ಟಿರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಎಂಟು ಮರಿಗಳಿರುವ ಮನೆಗಾಗಿ ಒಂದು ಸೀಸೆಯನ್ನು ಒಡೆಯುವವರಾರು? ಆದರೆ ಕಾವಿಗೆ ಬಂದ ಹೇಂಟೆಯನ್ನು ಸುಳ್ಳು ಮೊಟ್ಟೆಗಳ ಮೇಲೆ ಒಂದು ವಾರ ತಡೆದಿಡಲು ಸಾಧ್ಯವಿರುವುದರಿಂದ, ಗ್ರಾಮದ ಹತ್ತು ಹನ್ನೆರಡು ಹೇಂಟೆಗಳನ್ನು ಒಂದೇ ಸಾಯಂಕಾಲ ಕೂರಿಸುವುದು ಕಷ್ಟವಲ್ಲ. ದಿನವನ್ನು ಗೊತ್ತುಮಾಡಿ ಮನೆಮನೆಗೆ ತಿಳಿಸಿ, ಅಂದಿನಿಂದ ಇಪ್ಪತ್ತೇಳನೆಯ ದಿನಕ್ಕೆ ಸಮೀಪದ ಪಶುವೈದ್ಯಶಾಲೆಯವರಿಗೆ ಮುಂಚಿತವಾಗಿ ಬರೆದುಕೊಂಡರೆ, ಒಂದೇ ಸೀಸೆಯಲ್ಲಿ ಗ್ರಾಮದ ಎಲ್ಲ ಮರಿಗಳಿಗೂ ಹನಿ ಹಾಕಿಸಬಹುದು.