ಟೊಮೇಟೊ ರಸವೂ ಬೆಲೆಯ ನಿಶ್ಚಯವೂ

ಯಶವಂತಪುರದ ಮಂಡಿಗೆ ಬಂದ ಈರುಳ್ಳಿ ಆಲೂಗಡ್ಡೆಗಳ ಚೀಲಗಳು ಒಳ್ಳೆಯ ಬೆಲೆಗಾಗಿ ಕೆಲಕಾಲ ಕಾದಿರಬಲ್ಲವು, ಟೊಮೇಟೊ ಕಾಯಲಾರದು. ಮಾಗಿದ ಕೆಲವೇ ದಿನಗಳಲ್ಲಿ ಅದು ಅಡಿಗೆಮನೆಯನ್ನು ಸೇರಬೇಕು, ಇಲ್ಲವೇ ತಿಪ್ಪೆಯನ್ನು. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋಗ್ರಾಂಗಳ ಪೆಟ್ಟಿಗೆಯೊಂದರ ಬೆಲೆ 2,000 ರೂಪಾಯಿಗಳನ್ನು ಮೀರಿತು. ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಯ ಬದಿಗೆ ಸುರಿದುಹೋದ ದಿನಗಳನ್ನೂ ಆ ಸೀಮೆ ಕಂಡಿದೆ. ಹೆಬ್ಬಾಳದ ಹೋಟೆಲಿನವನಿಗೂ ಕೋಲಾರದ ಒಕ್ಕಲಿಗನಿಗೂ ಈ ಏರಿಳಿತದಿಂದ ಸುಖವಿಲ್ಲ.

ಕಾಯಲಾರದ ಹಣ್ಣನ್ನು ಕಾಯುವಂತೆ ಮಾಡುವ ಉಪಾಯವೆಂದರೆ, ಅದರ ನೀರನ್ನು ಇಂಗಿಸಿ ಗಟ್ಟಿರಸವನ್ನಾಗಿ ಮಾಡುವುದು. ಇದರ ಲೆಕ್ಕ ಸರಳವಾದುದು. ಹಣ್ಣಿನಲ್ಲಿ ನೂರಕ್ಕೆ 5 ಭಾಗ ಸಾರವಿದ್ದರೆ, 30 ಭಾಗ ಸಾರವುಳ್ಳ ಒಂದು ಕಿಲೋ ಗಟ್ಟಿರಸಕ್ಕೆ ಆರು ಕಿಲೋ ಹಣ್ಣು ಬೇಕು. ಸಾರವು 4 ಭಾಗಕ್ಕಿಳಿದರೆ ಏಳೂವರೆ ಕಿಲೋ. ಹಣ್ಣಿನ ಬೆಲೆ ಒಂದು ರೂಪಾಯಿ ಏರಿದರೆ ರಸದ ಅಸಲು ಆರು ರೂಪಾಯಿ ಏರುತ್ತದೆ. ಆದುದರಿಂದ ಕಾರ್ಖಾನೆಗೆ ಬೇಕಾದುದು ಕೇವಲ ಅಗ್ಗದ ಹಣ್ಣಲ್ಲ. ಸಾರವುಳ್ಳ ಹಣ್ಣು, ಮೊದಲೇ ಗೊತ್ತಾದ ಬೆಲೆ.

ಕ್ಯಾಲಿಫೋರ್ನಿಯಾದವರು ಇದನ್ನು ಬಹುಕಾಲದಿಂದ ಅರಿತಿದ್ದಾರೆ. ಅಲ್ಲಿ ಬೆಳೆಗಾರರ ಸಂಘವೂ ಕಾರ್ಖಾನೆಗಳೂ ಸುಗ್ಗಿಗೆ ಮುಂಚೆಯೇ ಮಾತಾಡಿ ದರವನ್ನು ಗೊತ್ತುಮಾಡುತ್ತವೆ. 907 ಕಿಲೋಗಳ ಅಲ್ಲಿಯ ಟನ್ನಿಗೆ 2023ರಲ್ಲಿ 138 ಡಾಲರೂ 2024ರಲ್ಲಿ 112½ ಡಾಲರೂ ಗೊತ್ತಾದುವು. ಅಂದರೆ ನಮ್ಮ ನಾಣ್ಯದಲ್ಲಿ ಕಿಲೋ ಒಂದಕ್ಕೆ ಸುಮಾರು ಹನ್ನೆರಡೂವರೆ ಹಾಗೂ ಹತ್ತೂವರೆ ರೂಪಾಯಿ. ಏರಿಳಿತ ಅಲ್ಲಿಯೂ ಉಂಟು. ಆದರೆ ಇಲ್ಲಿಯಂತೆ ಪಾತಾಳಕ್ಕೂ ಆಕಾಶಕ್ಕೂ ಅಲ್ಲ.

ಚೀನದ ಅಗ್ಗದ ರಸವಿರುವಾಗ ಈ ಚಿಂತೆ ಏಕೆ ಎಂದು ಕೆಲವರು ಕೇಳಬಹುದು. 2024ರಲ್ಲಿ ಲೋಕದ ಕಾರ್ಖಾನೆಗಳು ಅರೆದ ಸುಮಾರು ನಾಲ್ಕೂವರೆ ಕೋಟಿ ಟನ್ ಹಣ್ಣಿನಲ್ಲಿ ಕೋಟಿ ಟನ್ನಿನಷ್ಟು ಚೀನದ್ದೇ ಆಗಿತ್ತು. ದಾಸ್ತಾನು ಬೆಳೆದು ಬೆಲೆ ಕುಸಿಯಿತು. 2025ರಲ್ಲಿ ಅಲ್ಲಿಯ ಕೆಲಸ ಅರ್ಧಕ್ಕಿಂತ ಕೆಳಗಿಳಿಯಿತು. ಇಂದಿನ ಅಗ್ಗವು ನಾಳೆಯ ಭರವಸೆಯಲ್ಲ. ಇದಲ್ಲದೆ, ಬಲಾತ್ಕಾರದ ದುಡಿಮೆಯ ಕಾರಣದಿಂದ ಅಮೆರಿಕವು 2021ರಲ್ಲಿ ಷಿನ್‌ಜಿಯಾಂಗ್ ಪ್ರಾಂತದ ಟೊಮೇಟೊ ಪದಾರ್ಥಗಳನ್ನು ತಡೆಯಿತು. ಪರದೇಶಕ್ಕೆ ಸಾಸು ಕಳುಹಿಸುವ ವರ್ತಕನು ತನ್ನ ಪೀಪಾಯಿಯ ರಸ ಯಾವ ಹೊಲದ್ದೆಂದು ಹೇಳಲಾರದಿದ್ದರೆ ಆಪತ್ತು ಅವನಿಗೇ.

ನಮ್ಮಲ್ಲಿ ಕೊರತೆಯಿರುವುದು ಹಣ್ಣಿಗಲ್ಲ. ಭಾರತವು ವರ್ಷಕ್ಕೆ ಸುಮಾರು ಎರಡು ಕೋಟಿ ಟನ್ ಟೊಮೇಟೊ ಬೆಳೆಯುತ್ತದೆ. ಕಾರ್ಖಾನೆಗೆ ಹೋಗುವುದು ಅತ್ಯಲ್ಪ. ತಳಿಗೂ ಕೊರತೆಯಿಲ್ಲ. ಯಲಹಂಕದ ಸಮೀಪದ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ರಸದ ಕೆಲಸಕ್ಕೆಂದೇ ಅರ್ಕಾ ವಿಶೇಷ, ಅರ್ಕಾ ಅಪೇಕ್ಷಾ ಎಂಬ ತಳಿಗಳನ್ನು ಸಿದ್ಧಪಡಿಸಿದೆ. ಟೊಮೇಟೊ, ಈರುಳ್ಳಿ, ಆಲೂಗಡ್ಡೆಗಳ ರಕ್ಷಣೆಗೆಂದು ಕೇಂದ್ರ ಸರ್ಕಾರವು 2018ರ ಆಯವ್ಯಯದಲ್ಲಿ 500 ಕೋಟಿ ರೂಪಾಯಿಗಳ ಯೋಜನೆಯನ್ನೂ ಸಾರಿತು. ಇಷ್ಟಿದ್ದೂ ಇಲ್ಲದಿರುವುದು ಒಂದೇ: ಬಿತ್ತನೆಗೆ ಮೊದಲು ಆಗುವ ಕರಾರು.

ಬೆಲೆ ಏರಿದಾಗ ರೈತನು ಮಂಡಿಗೆ ಓಡುವನೆಂದು ಕಾರ್ಖಾನೆಯವರ ದೂರು. ಬೆಲೆ ಇಳಿದಾಗ ಅವರು ಹಣ್ಣಿನಲ್ಲಿ ಹುಳುಕು ಹುಡುಕುವರೆಂದು ರೈತನ ದೂರು. ಎರಡರಲ್ಲಿಯೂ ಸತ್ಯಾಂಶವಿದೆ. ಆದುದರಿಂದ ಬೆಳೆಯನ್ನೆಲ್ಲ ಕಟ್ಟಿಹಾಕದೆ ಒಂದು ಭಾಗಕ್ಕೆ ಮಾತ್ರ ಕರಾರಾಗಲಿ. ಕನಿಷ್ಠ ದರವೊಂದು ನಿಲ್ಲಲಿ. ಪೇಟೆ ಏರಿದರೆ ಲಾಭದಲ್ಲಿ ಒಕ್ಕಲಿಗನಿಗೂ ಪಾಲಿರಲಿ. ಸಾರವನ್ನು ಅಳೆಯುವ ಕೆಲಸ ಇಬ್ಬರಿಗೂ ಸೇರದ ಮೂರನೆಯವರ ಕೈಯಲ್ಲಿರಲಿ. ಸುಗ್ಗಿಯಲ್ಲಿ ಅಗ್ಗಕ್ಕೆ ಕೊಂಡು ಬರಗಾಲದಲ್ಲಿ ಪರದೇಶದ ದಾರಿ ನೋಡುವ ವ್ಯಾಪಾರ ಬುದ್ಧಿವಂತಿಕೆಯಂತೆ ಕಂಡರೂ ದೂರದೃಷ್ಟಿಯಲ್ಲ. ರಸ್ತೆಯ ಬದಿಯಲ್ಲಿ ಕೊಳೆಯುವ ಹಣ್ಣು ರೈತನ ನಷ್ಟ ಮಾತ್ರವಲ್ಲ. ಮುಂದಿನ ವರ್ಷ ಅವನು ಸಸಿ ನೆಡದಿದ್ದರೆ ಕೊಳ್ಳುವವನೇ ಅದರ ಬೆಲೆಯನ್ನು ತೆರಬೇಕಾಗುವುದು.